ತಮ್ಮನ ಎದುರು ತಿಂದ ಮಾವಿನಹಣ್ಣು

ಕರಾವಳಿಯ ಅನಂತಪುರದ ಕೈಗಾರಿಕಾ ಎಸ್ಟೇಟಿನಲ್ಲಿ ಅಪ್ಪನಿಗೆ ಕೆಲಸವಿದ್ದ ಕಾಲ ಅದು. ನನಗೆ ಎಂಟು ವರ್ಷ, ಬೇಸಿಗೆ ರಜೆ. ಕಾಟುಮಾವಿನ, ಅಂದರೆ ಕಾಡುಮಾವಿನ, ಹಣ್ಣು ಬಿದ್ದು ಅಂಗಳವೆಲ್ಲ ಹುಳಿಹುಳಿ ವಾಸನೆ ಬರುತ್ತಿದ್ದ ಆ ಎರಡು ತಿಂಗಳ ಆರಂಭದಲ್ಲಿ ನಾನು ನನ್ನ ತಮ್ಮನನ್ನು ಮನಸಾರೆ ದ್ವೇಷಿಸಿದೆ.

ತಮ್ಮ ಪುಟ್ಟ ದಿನ ತುಂಬುವ ಮೊದಲೇ ಹುಟ್ಟಿದವನು. ಆಸ್ಪತ್ರೆಯಿಂದ ಮನೆಗೆ ಬರುವಾಗ ಅವನ ಮೂಗಿನಲ್ಲೊಂದು ಸಣ್ಣ ಟ್ಯೂಬ್, ಅದರ ಇನ್ನೊಂದು ತುದಿ ಹೊಟ್ಟೆಯೊಳಗೆ. ಅಮ್ಮ ಸಿರಿಂಜಿಗೆ ಹಾಲು ಹೊಯ್ದು ಎತ್ತಿ ಹಿಡಿದರೆ ಅದು ಮೆಲ್ಲ ಇಳಿಯುತ್ತಿತ್ತು. ಎಂಟು ತಿಂಗಳಾದರೂ ಬಾಯಿಯ ಹತ್ತಿರ ಏನು ತಂದರೂ ಮುಖ ತಿರುಗಿಸುತ್ತಿದ್ದ. ಅವನಿಗೆ ನುಂಗಲು ತೊಂದರೆಯಿಲ್ಲ, ಮಳೆಗಾಲದೊಳಗೆ ಬಾಯಲ್ಲಿ ತಿನ್ನಲು ಕಲಿಯದಿದ್ದರೆ ಹೊಟ್ಟೆಗೇ ತೂತು ಮಾಡಿ ಟ್ಯೂಬ್ ಇಡಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಆಮೇಲೆ ಅಮ್ಮನ ಕಣ್ಣಿಗೆ ನಾನು ಬೀಳುತ್ತಲೇ ಇರಲಿಲ್ಲ. ನನ್ನ ತಲೆ ಬಾಚುವ ಕೆಲಸವೂ ಅಜ್ಜಿಯ ಪಾಲಾಯಿತು. ಅಜ್ಜಿ ಬಾಚಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಅಜ್ಜಿಗೊಂದು ನಿಯಮವಿತ್ತು. ಮಗು ಹಾಲು ಕುಡಿಯುವುದನ್ನು ಯಾರೂ ನೋಡಬಾರದು, ದೃಷ್ಟಿ ತಾಗುತ್ತದೆ. ಮಗುವಿನ ಎದುರು ಯಾರೂ ತಿನ್ನಲೂ ಬಾರದು, ಅದಕ್ಕೆ ಆಸೆಯಾಗುತ್ತದೆ. ಟ್ಯೂಬಿನ ಹಾಲಿಗೂ ಇದೇ ಕಾನೂನು. ಬಾಗಿಲು ಹಾಕಿ ಒಳಗೆ ಅಮ್ಮ ಮತ್ತು ಪುಟ್ಟ, ಹೊರಗೆ ನಾನು.

ಒಂದು ಮಧ್ಯಾಹ್ನ ಅಮ್ಮ ಸಿರಿಂಜು ತೊಳೆಯಲು ಹೋದಾಗ ಬಾಗಿಲು ತೆರೆದೇ ಇತ್ತು. ನಾನು ಒಂದು ಮಾವಿನಹಣ್ಣು ಹಿಡಿದುಕೊಂಡು ನುಗ್ಗಿದೆ. ಅವನ ಮುಖದ ಎದುರೇ ಕೂತು ಗೊರಟನ್ನು ಸೊರ್ರನೆ ಚೀಪಿದೆ.

“ನೋಡು, ಇದು ನನಗೆ ಮಾತ್ರ. ನಿನಗೆ ಪೈಪು ಉಂಟಲ್ಲ?”

ಪುಟ್ಟ ನನ್ನ ಬಾಯಿಯನ್ನೇ ನೋಡಿದ. ನಾನು ಚೀಪಿದಾಗಲೆಲ್ಲ ಅವನ ಬಾಯಿಯೂ ತೆರೆದು ಮುಚ್ಚಿತು. ಅವನ ಮುಖ ಹೇಗಾಗುತ್ತದೆ ನೋಡಬೇಕೆಂದು ಒಂದು ಬೆರಳು ರಸ ಅವನ ತುಟಿಗೆ ಸವರಿದೆ. ಹುಳಿಗೆ ಮೈಯೆಲ್ಲ ನಡುಗಿಸಿ ಮುಖ ಕಿವುಚಿದ. ಸತ್ತೇ ಹೋದನೇನೋ ಎಂದುಕೊಂಡೆ. ಅವನೋ ತುಟಿ ನೆಕ್ಕಿ ಮತ್ತೆ ಬಾಯಿ ತೆರೆದ.

ಅಷ್ಟರಲ್ಲಿ ಅಜ್ಜಿಯ ಏಟು ನನ್ನ ಬೆನ್ನಿಗೆ ಬಿತ್ತು. “ಮಗುವಿನ ಎದುರು ತಿನ್ನುದಾ? ಎಂತ ಹೆಣ್ಣು ಮಾರಾಯ್ತಿ ನೀನು!”

ಅಮ್ಮ ಒದ್ದೆ ಕೈಯಲ್ಲೇ ಓಡಿ ಬಂದಳು. “ನಿಲ್ಲಿ ಅತ್ತೆ, ಇವ ಬಾಯಿ ತೆರೆದದ್ದಾ? ನೀನು ಇವನ ಎದುರು ಇನ್ನೊಮ್ಮೆ ತಿನ್ನು ಮಗಾ, ನೋಡುವ.”

ಮರುದಿನ ಮನೆಗೆ ಬಂದ ಆರೋಗ್ಯ ಕೇಂದ್ರದ ಸಿಸ್ಟರ್ ಕೇಳಿ ನಕ್ಕುಬಿಟ್ಟರು. “ಬಾಯಲ್ಲಿ ತಿನ್ನುದು ಅಂದ್ರೆ ಎಂತ ಅಂತ ಅವ ಕಂಡೇ ಇಲ್ಲ, ಮತ್ತೆ ಹೇಗೆ ಕಲಿಯುದು? ಹಾಲು ಇಳಿಯುವಾಗ ಇವಳು ಎದುರಿಗೇ ಕೂತು ತಿನ್ನಲಿ.”

ಅಂದಿನಿಂದ ನಾನಿಲ್ಲದೆ ಮನೆಯಲ್ಲಿ ಹಾಲು ಇಳಿಯಲಿಲ್ಲ. ಅಮ್ಮ ಸಿರಿಂಜು ಹಿಡಿಯುವಳು, ನಾನು ದೋಸೆ ಅಗಿಯುವೆ, ಪುಟ್ಟ ನನ್ನ ಬೆರಳಿನಿಂದ ರಾಗಿ ಹಾಲಿನ ಮೆತ್ತಗಿನ ಮಣ್ಣಿ ನೆಕ್ಕುವನು. ಮತ್ತೆ ಮಕ್ಕಳಿಗೆ ಹಾಲು ಕುಡಿಸುವ ಒಳಲೆಯಲ್ಲಿ ಒಂದೊಂದು ಗುಟುಕು, ಚಮಚದಲ್ಲಿ ಗಂಜಿ. ಬಾಯಲ್ಲಿ ಹೋದಷ್ಟನ್ನು ಟ್ಯೂಬಿನಲ್ಲಿ ಕಡಿಮೆ ಮಾಡುತ್ತಾ ಬಂದರು. ಅಮ್ಮ ಕೊಟ್ಟರೆ ಒಲ್ಲೆ, ನಾನು ಕೊಟ್ಟರೆ ಮಾತ್ರ ಬಾಯಿ ತೆರೆಯುತ್ತಿದ್ದ. ನನಗೆ ಕೋಡು ಮೂಡಿತ್ತು. ಮೊದಲ ಮಳೆಗೆ ಮುಂಚೆ ಟ್ಯೂಬ್ ತೆಗೆದರು.

ಆ ಸಂಜೆ ಗಂಜಿಯ ಬಟ್ಟಲು ಹಿಡಿದು ಹೋದರೆ ಅಜ್ಜಿ ಅಡ್ಡ ನಿಂತರು. “ಈಗ ಅವ ಬಾಯಲ್ಲಿ ತಿನ್ನುವ ಮಗು. ಕಣ್ಣು ತಾಗುದು ಈಗಲೇ. ನೀನು ಹೊರಗೆ ಕೂತುಕೋ.”

ಅಮ್ಮ ಏನಾದರೂ ಹೇಳಿಯಾಳು ಎಂದು ಕಾದೆ. ಅವಳು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಬಾಗಿಲು ಹಾಕಿದಳು. ಒಳಗೆ ಪುಟ್ಟ ಸ್ವಲ್ಪ ಹೊತ್ತು ಅತ್ತ, ಆಮೇಲೆ ಅಮ್ಮನ ಕೈಯಿಂದಲೇ ಚಪಚಪ ತಿಂದ. ಅಲ್ಲಿಯವರೆಗೆ ಅಮ್ಮನಿಗಾಗಿ ಅವನ ಮೇಲೆ ಹೊಟ್ಟೆ ಉರಿಯುತ್ತಿತ್ತು. ಅಂದು ಅವನಿಗಾಗಿ ಅಮ್ಮನ ಮೇಲೆ ಉರಿಯಿತು. ಎರಡನೆಯದೇ ಹೆಚ್ಚು ಸುಟ್ಟಿತು.

ಈಗ ಅವನು ಹೈಸ್ಕೂಲು ಹುಡುಗ. ಗೆಳೆಯರ ಜೊತೆ ಬೇಕರಿಯಲ್ಲಿ ಪಫ್ಸ್ ತಿಂದು ಬಂದು, ನಾನು ಬಡಿಸಿದರೆ “ಹಸಿವಿಲ್ಲ ಅಕ್ಕ” ಎಂದು ಮೊಬೈಲು ಹಿಡಿದು ಕೂರುತ್ತಾನೆ. ಆ ಬೇಸಿಗೆ ಅವನಿಗೆ ಚೂರೂ ನೆನಪಿಲ್ಲ, ಇರಲು ಸಾಧ್ಯವೂ ಇಲ್ಲ. ಗೆಳೆಯರ ಮೇಲೆ ನನಗೆ ಹೊಟ್ಟೆಕಿಚ್ಚು ಇದ್ದೇ ಇದೆ. ಅದಕ್ಕಿಂತ ಹೆಚ್ಚಿನದು ಆ ಎಂಟು ವರ್ಷದ ಹುಡುಗಿಯ ಮೇಲೆ. ಅವಳು ಬಾಯಿ ತೆರೆದರೆ ಸಾಕಿತ್ತು, ಅವನೂ ತೆರೆಯುತ್ತಿದ್ದ.