ಅತ್ತೆಯ ನಲವತ್ತು ಹಾಡು ಮತ್ತು ಒಂದು ಲಿಂಕು

ಊರವರ ಕಂಪ್ಯೂಟರುಗಳಿಗೆ ಬುದ್ಧಿ ಹೇಳಿ ಹೊಟ್ಟೆ ಹೊರೆಯುವವನು ನಾನು. ನನ್ನದರ ಮುಂದೆ ಕೂತಾಗ ಆ ಬುದ್ಧಿ ಎಲ್ಲಿಗೆ ಹೋಗುತ್ತದೋ ಕಾಣೆ.

ನನ್ನ ಲ್ಯಾಪ್‌ಟಾಪ್ ವಿಂಡೋಸಿನದು, ಕೈ ಪಳಗಿದ್ದು ಯುನಿಕ್ಸ್ ಎಂಬ ಬೇರೊಂದು ವ್ಯವಸ್ಥೆಯಲ್ಲಿ. ಅದಕ್ಕೆಂದೇ ವಿಂಡೋಸಿನ ಮೇಲೆ ಯುನಿಕ್ಸಿನ ಆಜ್ಞೆಗಳು ನಡೆಯುವಂತೆ ಒಂದು ತಂತ್ರಾಂಶ ಹಾಕಿಕೊಂಡಿದ್ದೇನೆ. ಅದರಲ್ಲಿ ಸಿಂಬಾಲಿಕ್ ಲಿಂಕ್ ಎಂಬ ಸೌಕರ್ಯವುಂಟು. ದೇವರಾಜ ಮೊಹಲ್ಲಾದ ಹಳೇ ಅಂಗಡಿಯ ಬಾಗಿಲಿಗೆ 'ಅಂಗಡಿ ಹಿಂದಿನ ಬೀದಿಯಲ್ಲಿದೆ' ಎಂದು ಚೀಟಿ ಅಂಟಿಸಿರುತ್ತಾರಲ್ಲ, ಹಾಗೆ. ಚೀಟಿಯಲ್ಲಿ ಸರಕಿಲ್ಲ, ದಾರಿ ಮಾತ್ರ. ಆದರೆ ಫೋಲ್ಡರಿಗೆ ಮಾಡಿದ ಲಿಂಕನ್ನು ತೆರೆದರೆ ನೀವು ನೇರವಾಗಿ ಅಸಲಿ ಅಂಗಡಿಯೊಳಗೇ ಇರುತ್ತೀರಿ. ಚೀಟಿ ಬೇಡವಾದರೆ ಚೀಟಿಯನ್ನಷ್ಟೇ ಕೀಳಬೇಕು, ಒಳಗೆ ಕೈಹಾಕಬಾರದು. ಇದನ್ನು ಎಷ್ಟು ಜನಕ್ಕೆ ಗತ್ತಿನಿಂದ ಹೇಳಿಕೊಟ್ಟಿದ್ದೇನೋ.

ಸಿದ್ಧಾರ್ಥನಗರದಲ್ಲಿರುವ ನನ್ನ ಸೋದರತ್ತೆಗೆ ಎಪ್ಪತ್ತೆಂಟು. ಅವರಿಗೆ ಬರುವ ಸೋಬಾನೆ ಪದಗಳು ನಮ್ಮ ಕಡೆ ಇನ್ಯಾರಿಗೂ ಬಾರವು. ಹೋದ ವರ್ಷ ನಲವತ್ತನ್ನು ಅವರ ದನಿಯಲ್ಲೇ ರೆಕಾರ್ಡು ಮಾಡಿಕೊಂಡು ಒಂದು ಫೋಲ್ಡರಿನಲ್ಲಿಟ್ಟೆ. ಕೈಗೆ ಸಿಗಲೆಂದು ಡೆಸ್ಕ್‌ಟಾಪಿನಲ್ಲಿ ಅದಕ್ಕೊಂದು ಲಿಂಕ್ ಮಾಡಿದೆ, ಅದು ಬರೀ ಲಿಂಕೆಂಬುದನ್ನು ಮರೆತೆ.

ಧನುರ್ಮಾಸದ ಒಂದು ಭಾನುವಾರ ನನಗೆ ಸ್ವಚ್ಛತೆಯ ಹುಮ್ಮಸ್ಸು ಬಂತು. ಅವೇ ಹಾಡುಗಳು ಎರಡು ಕಡೆ ಕಂಡವು. ಡೆಸ್ಕ್‌ಟಾಪಿನದು ನಕಲು ಎಂದುಕೊಂಡೆ. ಹಳೇ ಡಬ್ಬವನ್ನು ಒಳಗಿನದನ್ನೆಲ್ಲ ಕೊಡವಿ ಆಮೇಲೆ ಎಸೆಯುವುದು ನಮ್ಮ ಮನೆಯ ಪದ್ಧತಿ. ಅದೇ ಚಾಳಿಯಲ್ಲಿ ಫೋಲ್ಡರು ತೆರೆದು, ನಲವತ್ತನ್ನೂ ಶಾಶ್ವತವಾಗಿ ಅಳಿಸಿದೆ. ಬಳಿಕ ಅಸಲಿ ಫೋಲ್ಡರು ನೋಡಿದರೆ ಅದೂ ಬೋಳು. ಬೇರೆ ಪ್ರತಿ ಇರಲಿಲ್ಲ. ಕಳೆದದ್ದನ್ನು ಹುಡುಕಿಕೊಡುವ ತಂತ್ರಾಂಶಗಳಿಗೆಲ್ಲ ಮೊರೆಯಿಟ್ಟೆ. ಒಂದು ಹಾಡೂ ಬರಲಿಲ್ಲ. ಅಳು ಬರುವುದೊಂದು ಬಾಕಿ.

ತಪ್ಪೊಪ್ಪಿಕೊಳ್ಳಲು ರಾಮಕೃಷ್ಣನಗರದ ನನ್ನ ಮನೆಯಿಂದ ಸ್ಕೂಟರು ಹತ್ತಿದೆ. ಅತ್ತೆಯ ಮನೆಗೆ ಹೋಗಿ ಆರು ತಿಂಗಳಾಗಿತ್ತೆಂಬುದು ದಾರಿಯಲ್ಲಿ ಹೊಳೆದು ನಾಚಿಕೆಯಾಯಿತು. ದನಿ ಕೇಳಬೇಕೆನಿಸಿದಾಗ ಡೆಸ್ಕ್‌ಟಾಪಿನಲ್ಲೇ ಸಿಗುತ್ತಿತ್ತಲ್ಲ.

ಅತ್ತೆ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು.

"ನಿಮ್ಮ ಪದಗಳನ್ನೆಲ್ಲ ಅಳಿಸ್ಬುಟ್ಟೆ ಅತ್ತೆ," ಎಂದೆ.

"ಓಗ್ಲಿ ಬುಡು. ನಾನು ಇಲ್ಲೇ ಕೂತಿದ್ದೀನಲ್ಲ ಕಣೋ. ಕೈ ತೊಳ್ಕೊಂಡ್ ಬಾ, ಕಾಳು ಹಿತುಕು."

ಹಿತುಕುತ್ತಲೇ ಒಂದು ಪದ ಹಾಡಿದರು. ನಡುವೆ ಸಾಲು ಮರೆತು, ಮನೆ ಕಡೆ ತಲೆಹಾಕದ ಅಳಿಯನ ಮೇಲೆ ಹೊಸದೊಂದು ಸಾಲು ಕಟ್ಟಿ ಸೇರಿಸಿದರು. ಅದನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡು, ಎರಡನೆಯದಕ್ಕೂ ಫೋನು ಹಿಡಿದು ಕಾದೆ.

"ವಾರಕ್ಕೊಂದೇ," ಎಂದರು ಅತ್ತೆ. "ಬಂದು ತಗೊಂಡೋಗು."

ಈಗ ಭಾನುವಾರಕ್ಕೊಂದು ಹಾಡು. ಮೂರು ಕಡೆ ನಿಜವಾದ ಪ್ರತಿ ಇಡುತ್ತೇನೆ, ಒಂದನ್ನೂ ತೆರೆದು ಕೇಳಿಲ್ಲ. ನಲವತ್ತು ಬೇಗ ಮುಗಿದುಹೋದಾವೆಂದು, ಎರಡು ವಾರಕ್ಕೊಮ್ಮೆ ಹಿಂದಿನ ವಾರದ್ದು ಸರಿಯಾಗಿ ರೆಕಾರ್ಡಾಗಲಿಲ್ಲವೆಂದು ಸುಳ್ಳು ಹೇಳುತ್ತೇನೆ. ಅತ್ತೆಗೆ ಸುಳ್ಳೆಂದು ಗೊತ್ತು, ಮತ್ತೆ ಹಾಡುತ್ತಾರೆ.