ಅತ್ತೆಯ ಐದು ಜೇನುಪೆಟ್ಟಿಗೆಗಳ ಚಳಿಗಾಲ

ಅತ್ತೆಗೆ ಜೇನುಹುಳ ಕಚ್ಚಿದ್ದು ಅದೇ ಮೊದಲೇನಲ್ಲ. ಶಾಲೆಯ ನೌಕರಿಯಿಂದ ನಿವೃತ್ತರಾದ ಮೇಲೆ ಅವರು ಹುಬ್ಬಳ್ಳಿ ಹತ್ತಿರದ ಸುಳ್ಳ ಊರಿನ ನಮ್ಮ ಹೊಲದಲ್ಲಿ, ಬೇವಿನ ಮರದ ಕೆಳಗೆ ಐದು ಪೆಟ್ಟಿಗೆ ಇಟ್ಟುಕೊಂಡು ಜೇನು ಸಾಕುತ್ತಿದ್ದರು. ಹುಳ ಕಚ್ಚಿದರೆ ಉಗುರಿನಿಂದ ಮುಳ್ಳು ಕೆರೆದು ತೆಗೆದು, ಏನೂ ಆಗದವರಂತೆ ಮುಂದಿನ ಪೆಟ್ಟಿಗೆಗೆ ಹೋಗುತ್ತಿದ್ದರು. ಆದರೆ ದೀಪಾವಳಿ ಮುಗಿದ ಮರುವಾರ ಕುತ್ತಿಗೆಗೆ ಕಚ್ಚಿದ್ದು ಒಂದೇ ಒಂದು ಹುಳ. ಅವರು ಕಾರಿನ ತನಕ ನಡೆದು ಬರುವಷ್ಟರಲ್ಲಿ ಮೈತುಂಬ ದದ್ದು ಎದ್ದಿತ್ತು. ಹುಬ್ಬಳ್ಳಿ ಅರ್ಧ ದಾರಿ ಇರುವಾಗಲೇ ತುಟಿ ಬಾತು, ದನಿ ಒಡೆಯಿತು.

"ಲಗೂ ನಡಿ," ಎಂದರು. ಆಮೇಲೆ ಮಾತೇ ಇಲ್ಲ. ಎದೆಯಿಂದ ಸಿಳ್ಳೆಯಂಥ ಸದ್ದು ಮಾತ್ರ ಬರುತ್ತಿತ್ತು. ನಾನು ಕಾರು ಓಡಿಸುತ್ತ ಆ ಸದ್ದಿಗೇ ಕಿವಿ ಕೊಟ್ಟಿದ್ದೆ. ನಿಂತುಬಿಟ್ಟರೆ ಏನು ಮಾಡಲಿ ಎಂಬುದೊಂದೇ ತಲೆಯಲ್ಲಿ.

ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: "ಇನ್ನೊಂದ್ಸಲ ಕಚ್ಚಿದ್ರ ಇಲ್ಲಿ ಮುಟ್ಟೂತನಕ ವೇಳ್ಯಾ ಸಿಗ್ತದ ಅಂತ ತಿಳ್ಕೋಬ್ಯಾಡ್ರಿ. ಪೆಟ್ಟಿಗಿ ಹತ್ರ ಬಿಡಲೇಬ್ಯಾಡ್ರಿ."

ನನ್ನ ಯಜಮಾನರದು ರೈಲ್ವೆ ಕೆಲಸ, ವಾರದಲ್ಲಿ ನಾಲ್ಕು ದಿನ ಊರಿನಲ್ಲಿರುವುದಿಲ್ಲ. ಫೋನಿನಲ್ಲೇ "ಯಾರಿಗರೆ ಕೊಟ್ಟುಬಿಡ್ರಿ" ಎಂದರು. ಜೇನು ಸಾಕುವ ಒಬ್ಬ ರೈತರನ್ನು ಕೇಳಿದೆವು. ಚಳಿಗೆ ಸೊರಗಿದ ಹುಳಗಳನ್ನು ಈಗ ಅಲುಗಾಡಿಸಿದರೆ ಸಾಯುತ್ತವೆ, ಯುಗಾದಿ ಹೊತ್ತಿಗೆ ಗಟ್ಟಿಯಾಗಿದ್ದರೆ ಒಯ್ಯುತ್ತೇನೆ ಎಂದರು ಅವರು. ಅಲ್ಲಿಯ ತನಕ ನೋಡಿಕೊಳ್ಳುವವರು? ಅತ್ತೆ ನನ್ನ ಮುಖ ನೋಡಿದರು. ನನಗೆ ಜಿರಲೆ ಕಂಡರೂ ಕಾಲು ಮೇಲೆತ್ತುವ ಸ್ವಭಾವ. ಆದರೆ ನಾನು ಒಲ್ಲೆ ಎಂದರೆ ಇವರೇ ಒಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಸುಳ್ಳಕ್ಕೆ ಹೋಗುತ್ತಾರೆಂದು ನನಗೆ ಗೊತ್ತಿತ್ತು. ಆ ಭಯ ದೊಡ್ಡದಿತ್ತು. ಒಪ್ಪಿಕೊಂಡೆ.

ಡಿಸೆಂಬರಿನ ಒಂದು ರವಿವಾರ, ಬಿಸಿಲು ಸ್ವಲ್ಪ ಕಾಯಲೆಂದು ಹತ್ತು ಗಂಟೆಗೆ ಹೋದೆವು. ಕಾರನ್ನು ದೂರ, ಹೊಲದ ದಾರಿಯಲ್ಲಿ ನಿಲ್ಲಿಸಿದೆ. ಅತ್ತೆ ಗಾಜು ಏರಿಸಿಕೊಂಡು ಒಳಗೆ. ತೊಡೆಯ ಮೇಲೆ ಡಾಕ್ಟರು ಬರೆದುಕೊಟ್ಟ ಮದ್ದಿನ ಡಬ್ಬಿ, ಕೈಯಲ್ಲಿ ಮೊಬೈಲು. ನಾನು ಮುಖಕ್ಕೆ ಜಾಳಿಗೆ ಕಟ್ಟಿಕೊಂಡು, ಕೈಗವಸು ಹಾಕಿಕೊಂಡು, ಕಿವಿಗೆ ಫೋನಿನ ವೈರು ಸಿಗಿಸಿಕೊಂಡು, ಹುಳ ಶಾಂತವಾಗಲೆಂದು ಊದುವ ಹೊಗೆ ಡಬ್ಬಿ ಹಿಡಿದು ಹೊರಟೆ. ಹೊಗೆ ನನ್ನ ಕಣ್ಣಿಗೇ ಹೋಗುತ್ತಿತ್ತು.

"ಮೊದಲ ಪೆಟ್ಟಿಗಿ ಹಿಂದಿನ ಕಡೆಯಿಂದ ಒಂದು ಬೊಟ್ಟು ಎತ್ತಿ ನೋಡು. ವಜ್ಜಿ ಅದನೋ, ಹಗರ ಅದನೋ?"

"ವಜ್ಜಿ ಅದ ರೀ."

"ಹಂಗಾರ ಒಳಗ ಜೇನು ಅದ, ಅದನ್ನ ತಗೀಬ್ಯಾಡ. ಬಾಗ್ಲಾ ಸಣ್ಣದು ಮಾಡು, ಗಾಳಿ ಬರೂ ಕಡೆ ಗೋಣಿಚೀಲ ಕಟ್ಟು. ಪೆಟ್ಟಿಗಿ ಕಾಲಿನ ಬಟ್ಟಲಾಗ ನೀರು ಹಾಕು, ಇರಿವಿ ಏರ್ತಾವ."

ಹೀಗೆ ಎರಡು ಪೆಟ್ಟಿಗೆ ಮುಗಿದವು. ಮೂರನೆಯದು ಖಾಲಿ ಬುಟ್ಟಿಯಂತೆ ಮೇಲೆ ಬಂತು. ಅದನ್ನು ತೆರೆದು ಸಕ್ಕರೆ ಪಾಕ ಇಡಬೇಕಾಯಿತು. ಪಾಕ ಒಂದು ಹನಿಯೂ ಹೊರಗೆ ಬೀಳಬಾರದು, ಬಿದ್ದರೆ ಬೇರೆ ಪೆಟ್ಟಿಗೆಯ ಹುಳ ಲೂಟಿಗೆ ಬರುತ್ತವೆ ಎಂದು ಅತ್ತೆ ಮನೆಯಲ್ಲೇ ಹೆದರಿಸಿದ್ದರು. ಮುಚ್ಚಳ ತೆಗೆದರೆ, ಚೌಕಟ್ಟಿನಲ್ಲಿ ಕಟ್ಟಿದ ಮೇಣದ ಎರಿಗಳಲ್ಲಿ ಅಂಚಿನವುಗಳ ಮೇಲೆ ಜೇಡರ ಬಲೆಯಂಥ ಬಿಳಿ ನೂಲು. ಕಂಡದ್ದನ್ನು ಫೋನಿನಲ್ಲಿ ಹೇಳಿದೆ.

"ಮೇಣ ತಿನ್ನೂ ಹುಳ ಬಿದ್ದದ," ಎಂದರು ಅತ್ತೆ. "ಅಂಚಿನವು ಎರಡೂ ತಗದು ಹೊರಗ ಇಡು. ಜೇನುಹುಳ ಕಡಿಮಿ ಆದಾಗ ಮನಿನೂ ಸಣ್ಣದಿರಬೇಕು. ಸಾವಕಾಶ. ಉಸಿರು ಪೆಟ್ಟಿಗಿ ಒಳಗ ಬಿಡಬ್ಯಾಡ, ಸಿಟ್ಟಿಗೇಳ್ತಾವ."

ಎರಡನೆಯ ಎರಿ ಎತ್ತುವಾಗ ಜಾಳಿಗೆಯ ಒಳಗೇ ಗುಂಯ್ ಎಂದಿತು. ಹುಳ ನನ್ನ ಕಣ್ಣಿನ ಮುಂದೆ, ಮೂಗಿನ ಮೇಲೆ, ಹಣೆಯ ಮೇಲೆ. ಕೈಯಲ್ಲಿ ಎರಿ, ಒಗೆಯುವ ಹಾಗಿಲ್ಲ. ಅತ್ತೆಯ ಹಾಗೆ ನನಗೂ ಆಗಿಬಿಟ್ಟರೆ? ಇಲ್ಲಿಂದ ಕಾರು ಓಡಿಸುವವರಾರು? ನಾನು ಕೂಗಿದೆನೋ ಏನೋ, ನೆನಪಿಲ್ಲ. ಹುಬ್ಬಿಗೆ ಕಾದ ಸೂಜಿ ಚುಚ್ಚಿದಂತಾಯಿತು. ಅದೇ ಕ್ಷಣ ಕಾರಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಅತ್ತೆ ಸೆರಗು ತಲೆಗೆ ಸುತ್ತಿಕೊಂಡು ಒಂದು ಕಾಲು ಹೊರಗೆ ಇಟ್ಟಿದ್ದರು.

"ಒಳಗ ಕೂಡ್ರಿ!" ಎಂದು ಚೀರಿದೆ. "ಬಾಗ್ಲಾ ಹಾಕ್ರಿ! ನೀವು ಬಂದ್ರ ನಾ ಇಬ್ಬರನ್ನ ಹೊತ್ತೊಯ್ಯಬೇಕಾಗ್ತದ!"

ಮದುವೆಯಾಗಿ ಹದಿನೇಳು ವರ್ಷದಲ್ಲಿ ಅವರ ಮೇಲೆ ಎಂದೂ ದನಿ ಎತ್ತಿರಲಿಲ್ಲ. ಅವರು ಕಾಲು ಒಳಗೆ ಎಳೆದುಕೊಂಡರು.

ಎರಿ ಕೆಳಗಿಟ್ಟು, ಪಾಕದ ಬಟ್ಟಲು ಒಳಗಿಟ್ಟು, ಮುಚ್ಚಳ ಹಾಕಿ, ಮೈ ಕೊಡವಿ ಒಂದೂ ಹುಳ ಅಂಟಿಲ್ಲವೆಂದು ಎರಡು ಸಲ ನೋಡಿಕೊಂಡು ಕಾರಿಗೆ ಬಂದೆ. ಅತ್ತೆ ನನ್ನ ಗದ್ದ ಹಿಡಿದು ತಿರುಗಿಸಿ, ಹುಬ್ಬಿನ ಮುಳ್ಳು ಕೆರೆದು ತೆಗೆದರು. ಕೈಗಡಿಯಾರ ನೋಡಿದರು.

"ಅರ್ಧಾ ತಾಸು ಸುಮ್ನ ಕೂಡಬ್ಯಾಡ, ಮಾತಾಡು. ನಿನ್ನ ಗಂಟಲಾ ಹೆಂಗದ ನನಗ ಕೇಳಸ್ಬೇಕು."

"ಏನ್ ಮಾತಾಡ್ಲಿ?"

"ಹದಿಮೂರರ ಮಗ್ಗಿ ಹೇಳು."

ಹೇಳಿದೆ. ಹದಿಮೂರು ಏಳಲೆಗೆ ತಪ್ಪಿ ತಡವರಿಸಿದೆ. ದನಿ ಕೆಟ್ಟಿತೆಂದು ತಿಳಿದು ಅವರ ಮುಖ ಬಿಳುಚಿತು. "ಇಲ್ಲ ರೀ, ಲೆಕ್ಕಾನೇ ಬರೂದಿಲ್ಲ," ಎಂದೆ. ಅವರು ನಗಲಿಲ್ಲ. ಮದ್ದಿನ ಡಬ್ಬಿಯ ಮುಚ್ಚಳ ತೆಗೆದಿಟ್ಟುಕೊಂಡು, "ಮುಂದ ಹೇಳು," ಎಂದರು. ಹದಿನಾಲ್ಕು, ಹದಿನೈದು, ಹದಿನಾರರ ಮಗ್ಗಿಯೂ ಮುಗಿದವು. ಒಂದು ಕಣ್ಣು ಪೂರ್ತಿ ಮುಚ್ಚಿತು, ಮತ್ತೇನೂ ಆಗಲಿಲ್ಲ. ಒಂದೇ ಕಣ್ಣಿನಲ್ಲಿ ಕಾರು ಓಡಿಸಿಕೊಂಡು ಮನೆಗೆ ಬಂದೆ.

ಮುಂದಿನ ರವಿವಾರ ಹೋಗುವ ಧೈರ್ಯ ನನಗೆ ಬಂದಿರಲಿಲ್ಲ. ಹೋದೆ, ಅಷ್ಟೆ. ಉಳಿದೆರಡು ಪೆಟ್ಟಿಗೆಗೂ ಗೋಣಿಚೀಲ ಕಟ್ಟಿದೆ.

ಸಂಕ್ರಾಂತಿ ಮರುದಿನ ಮೂರನೆಯ ಪೆಟ್ಟಿಗೆಗೆ ಕಿವಿಯಿಟ್ಟರೆ ಸದ್ದಿಲ್ಲ. ಬೆರಳಿನಿಂದ ತಟ್ಟಿದೆ. ಒಳಗೆ ಎಲ್ಲೋ ಒಂದು ಕ್ಷೀಣ ಗುಂಯ್ ಎದ್ದು ಕೂಡಲೇ ಇಳಿಯಿತು. ತೆರೆದು ನೋಡಿದರೆ ನಡುವೆ ಒಂದು ಮುಷ್ಟಿಯಷ್ಟು ಹುಳ ಒಂದಕ್ಕೊಂದು ಅಂಟಿಕೊಂಡಿದ್ದವು. ರಾಣಿ ಇರಲಿಲ್ಲ, ಒಂದು ತತ್ತಿಯೂ ಇರಲಿಲ್ಲ.

ಫೋನಿನಲ್ಲಿ ಅತ್ತೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. "ಹಂಗ ಬಿಟ್ರ ಈ ವಾರ ಉಳಿಯೂದಿಲ್ಲ. ನಾಕನೇದರ ಮ್ಯಾಲ ಕೂಡ್ರಸು. ನಡುವ ಒಂದು ಪೇಪರ್ ಹಾಸಿ, ಸೂಜಿಲೆ ತೂತು ಮಾಡು. ಕಡದು ಕಡದು ದಾರಿ ಮಾಡ್ಕೊಳ್ಳೂದರಾಗ ಒಂದರ ವಾಸನಿ ಒಂದಕ್ಕ ಹತ್ತಿ ಹೋಗ್ತದ. ಸೀದಾ ಕೂಡಿಸಿದ್ರ ಕೊಂದುಬಿಡ್ತಾವ."

ಹೊತ್ತು ಇಳಿಯುವಾಗ, ಹುಳಗಳೆಲ್ಲ ಗೂಡು ಸೇರಿದ ಮೇಲೆ ಹಾಗೆಯೇ ಮಾಡಿದೆ. ಆಮೇಲಿನ ನಾಲ್ಕು ದಿನ ನನಗೆ ಆಫೀಸಿನಲ್ಲಿ ಕೆಲಸ ನಡೆಯಲಿಲ್ಲ. ಪೆಟ್ಟಿಗೆಯ ಬಾಯಲ್ಲಿ ಸತ್ತ ಹುಳಗಳ ಗುಡ್ಡೆ ಬಿದ್ದಿದೆ, ಅತ್ತೆ ಅದನ್ನು ಕಾರಿನಿಂದ ನೋಡುತ್ತಿದ್ದಾರೆ ಎಂದೇ ಕಣ್ಣಿಗೆ ಕಟ್ಟುತ್ತಿತ್ತು. ಐದನೆಯ ದಿನ ರಜೆ ಹಾಕಿ ಹೋದೆವು. ಬಾಗಿಲಿನ ಕೆಳಗೆ ಬೂದಿಬಣ್ಣದ ಪುಡಿ ಬಿದ್ದಿತ್ತು. ಬಗ್ಗಿ ಮುಟ್ಟಿದೆ. ಕಾಗದ. ಹುಳಗಳು ಕಡಿದು ಹೊರಗೆ ಹಾಕಿದ ಕಾಗದದ ಚೂರು. ಸತ್ತ ಹುಳ ಎರಡೇ ಎರಡು.

ಫೆಬ್ರುವರಿ ಕೊನೆಗೆ ಬದುವಿನ ಹೊಂಗೆ ಹೂ ಬಿಟ್ಟಿತು. ಗೋಣಿಚೀಲ ಬಿಚ್ಚಿದೆ, ಬಾಗಿಲು ಅಗಲ ಮಾಡಿದೆ, ಹೊಸ ಚೌಕಟ್ಟು ಕೊಟ್ಟೆ. ನಾಲ್ಕೂ ಪೆಟ್ಟಿಗೆಗಳಲ್ಲಿ ಹುಳ ಉಕ್ಕುತ್ತಿದ್ದವು. ಉಕ್ಕಿದಷ್ಟೂ ನನ್ನ ಹೆದರಿಕೆಯೂ ಹೆಚ್ಚಿತು.

"ಇಷ್ಟು ಛಲೋ ನೋಡ್ಕೊಂಡಿ," ಎಂದರು ಅತ್ತೆ ಒಂದು ದಿನ ವಾಪಸು ಬರುವಾಗ. "ಖರೇ ಹೇಳು, ಇಟ್ಕೊಳ್ಳೋಣೋ, ಕೊಟ್ಟುಬಿಡೋಣೋ?"

"ಕೊಟ್ಟುಬಿಡ್ರಿ," ಎಂದೆ. ಯೋಚನೆ ಮಾಡಲೂ ನಿಲ್ಲಲಿಲ್ಲ.

ಊರು ಮುಟ್ಟಿದ ಮೇಲೆ ಅತ್ತೆ "ಆತು," ಎಂದರು.

ಯುಗಾದಿಗೆ ಮುಂಚೆ ಜೇನು ಸಾಕುವ ಆ ರೈತರು ಗಾಡಿ ತಂದರು. ಯಾವುದು ಸಿಟ್ಟಿನದು, ಯಾವುದಕ್ಕೆ ಹೊಸ ರಾಣಿ ಎಂದು ಅತ್ತೆಯನ್ನು ಕೇಳಿದರು. ಅತ್ತೆ ಕಾರಿನೊಳಗಿಂದ ನನ್ನತ್ತ ಕೈ ತೋರಿಸಿದರು. ನಾನು ಒಂದೊಂದೇ ಪೆಟ್ಟಿಗೆಯ ಸ್ವಭಾವ ಹೇಳುತ್ತ ಹೋದೆ. ಹೇಳುವಷ್ಟು ಹೊತ್ತೂ ಕೈಗವಸು ತೆಗೆಯಲಿಲ್ಲ.