ಉರೂಕ್ ಕರಿದೋಳನ್ನ ಓಡಿಸಿದ ದನ್ನೂನ್

ದನ್ನೂನ್ ಹತ್ತಿ ಹಿಂಜೋನು. ಮೋಸುಲ್‌ನ ಹಳೇ ಊರಲ್ಲಿ, ನದಿ ಕಡೆ ಇಳಿಯೋ ಓಣೀಲಿ, ಅವನಿಗೂ ಅವನ ತಮ್ಮ ಇದ್ರೀಸ್‌ಗೂ ಸೇರಿ ಒಂದು ಅಂಗಡಿ ಇತ್ತು. ಮದುವೆ ಗೊತ್ತಾದ್ರೆ ಹೆಣ್ಣಿನೋರು ಮೊದಲು ಹಾಸಿಗೆಗೆ ಅಂತ ಅಲ್ಲಿಗೇ ಹೋಗೋರು. ಬೇರೆ ಕಡೆ ಹೊಲಿಸಿದ ಹಾಸಿಗೆ ತಂದು ತೋರಿಸಿದ್ರೆ, ಇವನು ಹೊಲಿಗೆ ಸಂದೀಲಿ ಎರಡು ಬೆರಳು ತೂರಿಸಿ, "ಹಳೇ ಹತ್ತಿ ಬೆರೆಸವ್ರಮ್ಮ. ಯಾರೋ ಮಲಗಿ ಎದ್ದಿರೋ ಹತ್ತಿ" ಅಂದ್ಬಿಡೋನು. ಬಿಚ್ಚಿ ನೋಡಿದ್ರೆ ಹಂಗೇ ಇರೋದು. ಆ ಕೈ ಯಾವತ್ತೂ ತಪ್ಪಲಿಲ್ಲ. ಅದಕ್ಕೇ ಅವನಿಗೆ ತನ್ನ ಮೇಲೆ ಅಷ್ಟು ನಂಬಿಕೆ ಬಂದುಬಿಡ್ತು, ಪಾಪ.

ಇದ್ರೀಸ್ ಹಂಗಲ್ಲ. ಮೆತ್ತಗಿನ ಮನುಷ್ಯ. ಬಿಲ್ಲು ಹಿಡಿದು ಹತ್ತಿ ಹಿಂಜುತ್ತಾ ಕೂತ್ರೆ ಮೂಗು, ಹುಬ್ಬು ಎಲ್ಲಾ ಬೆಳ್ಳಗಾಗಿ, ಓಣಿ ಮಕ್ಕಳು 'ಅಜ್ಜ' ಅಂತ ಕೂಗೋರು, ಇನ್ನೂ ಮೂವತ್ತಾಗಿರಲಿಲ್ಲ ಅವನಿಗೆ. ಮದುವೆ ಆಗು ಅಂದ್ರೆ, ಎಲ್ಲರ ಹಾಸಿಗೆ ಮುಗೀಲಿ ಆಮೇಲೆ ನಂದು ಅನ್ನೋನು.

ಆಮೇಲೆ ಊರು ಬಂದೂಕಿನೋರ ಕೈಗೆ ಹೋಯ್ತಲ್ಲ, ಆ ಬೇಸಿಗೇಲಿ ದನ್ನೂನ್ ಹೆಂಡ್ತಿ ಸಬ್ರಿಯಾನೂ ಮಗ ಘಾನಿಮ್‌ನೂ ಕರ್ಕೊಂಡು ಎರ್ಬಿಲ್‌ಗೆ ಬಂದ. ಇದ್ರೀಸ್ ಬರಲಿಲ್ಲ. ಅಂಗಡೀಲಿ ಹನ್ನೊಂದು ಜನರ ಹತ್ತಿ ಇದೆ, ಕೊಟ್ಟು ಬರ್ತೀನಿ ಅಂದ. ಮೂರು ವರ್ಷ ಕಳೀತು. ಅವರನ್ನ ಓಡಿಸೋ ಯುದ್ಧದಲ್ಲಿ ಹಳೇ ಊರು ಪೂರ್ತಿ ಕಲ್ಲಿನ ರಾಶಿ ಆಯ್ತು. ಇದ್ರೀಸ್ ಇದ್ದಾನೆ ಅಂತ ಯಾರೂ ಹೇಳಲಿಲ್ಲ, ಸತ್ತ ಅಂತಲೂ ಹೇಳಲಿಲ್ಲ. ದನ್ನೂನ್ ಹೋಗಿ ಹುಡುಕಿ ಬಂದ. ಅಂಗಡಿ ಯಾವುದು ಓಣಿ ಯಾವುದು ಅಂತಾನೇ ಗೊತ್ತಾಗಲಿಲ್ಲ ಅಂತೆ. ಗೋರಿ ಎಲ್ಲಿ ಅಂತ ಗೊತ್ತಾದ್ರೆ ಸಾಕು, ಹೋಗಿ ಫಾತಿಹಾ ಓದಿ ಬರ್ತೀನಿ, ಅಷ್ಟೇ ಅವನು ಕೇಳ್ತಾ ಇದ್ದಿದ್ದು.

ಎರ್ಬಿಲ್‌ನಲ್ಲಿ ಹತ್ತಿ ಹಿಂಜಿಸೋರು ಯಾರಿದ್ದಾರೆ, ಎಲ್ಲಾ ಸ್ಪಂಜು. ಘಾನಿಮ್ ಕೆಲಸಕ್ಕೆ ಹೋಗೋನು, ಇವನು ಮನೇಲಿ ಫೋನ್ ಹಿಡ್ಕೊಂಡು ಕೂರೋನು. ಅದರಲ್ಲಿ 'ನಮ್ಮ ಓಣಿಯೋರು' ಅಂತ ಒಂದು ಗುಂಪು. ಮೋಸುಲ್ ಬಿಟ್ಟು ಚದುರಿಹೋದ ನಾಲ್ಕು ಸಾವಿರ ಜನ ಅಲ್ಲಿ ಸೇರಿದ್ರು. ನಿವೃತ್ತ ಮೇಷ್ಟ್ರು ಹಾಜಿಮ್ ಅಂತ, ಅವರೇ ಅದರ ಯಜಮಾನ್ರು. ದನ್ನೂನ್ ತಮ್ಮನ ಫೋಟೋ ಹಾಕಿ, ಕಂಡೋರು ಹೇಳಿ ಅಂತ ಬರೆದ. ಬಂದ್ರು ನೋಡು ಸುಳ್ಳರು. ಒಬ್ಬ ಜೈಲಲ್ಲಿ ಕಂಡೆ ಅಂದ, ಇನ್ನೊಬ್ಬ ಗಡಿ ಆಚೆ ಆಸ್ಪತ್ರೇಲಿ ಅಂದ. ಎರಡು ಸಲ ಸಬ್ರಿಯಾ ಬಟ್ಟೆ ಗಂಟು ಕಟ್ಟಿ ಹೊರಟು ಕೂತಿದ್ಲು. ಎರಡೂ ಸುಳ್ಳು. ಸುಮ್ಮನೆ ಆಟ ಆಡಿದ್ದು.

ಅಲ್ಲಿಂದ ಇವನು ಕಾವಲು ನಿಂತ. ನಮ್ಮ ಹಳೇ ಊರಿನೋರು ಎಷ್ಟೋ ಮಾತಲ್ಲಿ 'ರ' ಅನ್ನಲ್ಲ, ಗಂಟಲಿಂದ 'ಘ' ಅಂತೀವಿ. ತಲೆಗೆ ಬೇರೆಯೋರು ರಾಸ್ ಅಂದ್ರೆ ನಾವು ಘಾಸ್. ಬಾಗ್ದಾದಿನೋರು ನಗ್ತಾರೆ, ನಗಲಿ. ಹೊಸಬರು ಬಂದ್ರೆ ದನ್ನೂನ್ ನಾಲ್ಕು ಮಾತು ಬರೆಸೋನು. ತಪ್ಪಿದ್ರೆ, "ಇವನು ನಕಲಿ, ಆಚೆ ಹಾಕಿ ಮೇಷ್ಟ್ರೇ." ಆರು ತಿಂಗಳಲ್ಲಿ ಮೂವತ್ತು ಜನಾನ ಹಿಡಿದ. ಜನ ಅವನಿಗೆ ಜರಡಿ ಅಂತ ಹೆಸರಿಟ್ರು. ಸಬ್ರಿಯಾ ಚಹಾ ತಂದಿಟ್ಟು, ಘಾನಿಮ್‌ನ ಅಪ್ಪ ಅಂತ ಮಗನ ಹೆಸರಿಂದಲೇ ಗಂಡನ್ನ ಕರೆದು ಕೇಳೋಳು, "ಇವತ್ತೆಷ್ಟು ಬಿತ್ತು ಜರಡೀಲಿ, ಅಬು ಘಾನಿಮ್?"

"ಎರಡು."

"ಗಟ್ಟಿ ಕಾಳು ಒಂದಾದ್ರೂ ಉಳೀತಾ?"

ದನ್ನೂನ್ ಚಹಾ ಎತ್ಕೊಂಡು ಮತ್ತೆ ಫೋನ್ ನೋಡೋನು.

ಒಂದು ಮಧ್ಯಾಹ್ನ, ಊಟ ಆಗಿತ್ತು, ಸಬ್ರಿಯಾ ಬೆಂಡೆಕಾಯಿ ಸಾರು ಮಾಡಿದ್ಲು ಅವತ್ತು, ಗುಂಪಲ್ಲಿ ಹೊಸ ಹೆಂಗಸೊಬ್ಬಳು ಬರೆದಳು. ಸ್ವಂತ ಹೆಸರಿಲ್ಲ, 'ನದಿ ದಂಡೆಯೋಳು' ಅಂತ ಇಟ್ಕೊಂಡಿದ್ಲು. "ಇದ್ರೀಸಣ್ಣ ನಮ್ಮ ಜೊತೆ ನೆಲಮಾಳಿಗೇಲಿದ್ರು. ನಲವತ್ತು ಜನ ಇದ್ವಿ. ಹಾಸಿಗೆ ಬಿಚ್ಚಿ ಹತ್ತಿ ತೆಗೆದು ಗಾಯಕ್ಕೆ ಕಟ್ಟೋರು. ಒಂದಿನ ಮಕ್ಕಳಿಗೆ ಉರೂಕ್ ಕರಿದು ಕೊಟ್ರು. ಅವರ ಅಣ್ಣನಿಗೆ ಒಂದು ಮಾತು ಹೇಳೋದಿದೆ. ಅವರಿಗೆ ಮಾತ್ರ ಹೇಳ್ತೀನಿ."

ದನ್ನೂನ್ ಎದ್ದು ನಿಂತ. ಓದ್ದ, ಮತ್ತೆ ಓದ್ದ. ಓದ್ತಾ ಓದ್ತಾ ಒಂದು ಮಾತಿಗೆ ಬಂದು ನಿಂತುಬಿಟ್ಟ. ಕರಿದು.

ನಮ್ಮ ಉರೂಕ್ ಅಂದ್ರೆ ಹಿಟ್ಟಿಗೆ ಮಾಂಸ, ಈರುಳ್ಳಿ, ಸೊಪ್ಪು ಕಲಸಿ ತಂದೂರಿನ ಗೋಡೆಗೆ ಬಡಿದು ಬೇಯಿಸೋ ರೊಟ್ಟಿ. ಕರಿಯೋದು ಬಾಗ್ದಾದಿನೋರು. ಮೋಸುಲಿನ ಹೆಂಗಸಿನ ಹತ್ರ ಹೋಗಿ ಉರೂಕ್ ಕರೀತೀಯಾ ಅಂದ್ರೆ ಲಟ್ಟಣಿಗೆ ಎತ್ಕೋತಾಳೆ.

"ಎಣ್ಣೆ ಎಷ್ಟು ಕಾದಿತ್ತು ತಾಯಿ?" ಅಂತ ಬರೆದ ದನ್ನೂನ್. "ನಿಮ್ಮ ಬಾಗ್ದಾದಿನ ಬಾಣಲೆ ನಮ್ಮ ನೆಲಮಾಳಿಗೆಗೆ ಹೆಂಗೆ ಬಂತು?"

ಜನ ಮುಗಿಬಿದ್ದು ನಕ್ಕರು. ಒಬ್ಬ, ಜರಡಿ ಹಿಡೀತು ಅಂದ. ಒಬ್ಬಳು, ಮೊದಲು ಅಡುಗೆ ಕಲ್ತು ಬಾ, ಆಮೇಲೆ ಸುಳ್ಳು ಹೇಳು ಅಂದ್ಲು.

ಆ ಹೆಂಗಸು ಒಂದೇ ಸಲ ಬರೆದಿದ್ದು. "ತಂದೂರ್ ಹಚ್ಚೋ ಹಂಗಿರಲಿಲ್ಲ ಅಣ್ಣಾ. ನೀವು ಅಲ್ಲಿರಲಿಲ್ಲ."

ನೀವು ಅಲ್ಲಿರಲಿಲ್ಲ ಅಂದಿದ್ದೇ ಇವನಿಗೆ ಚುಚ್ಚಿತು. "ನಕಲಿ. ತೆಗೀರಿ ಮೇಷ್ಟ್ರೇ," ಅಂದ. ಹಾಜಿಮ್ ಮೇಷ್ಟ್ರು ತೆಗೆದರು. ಅವಳು ಬರೆದಿದ್ದೂ ಅವಳ ಜೊತೆಗೇ ಅಳಿಸಿಹೋಯ್ತು.

ಸಬ್ರಿಯಾ ಅಂದ್ಲು, "ಮಾತು ಏನು ಅಂತಾದ್ರೂ ಕೇಳಬಾರದಿತ್ತಾ?"

"ಸುಳ್ಳಿಯ ಮಾತು ಕೇಳಿ ಏನು ಮಾಡ್ಲಿ? ಮತ್ತೆ ಗಂಟು ಕಟ್ತೀಯಾ?"

ಎರಡು ತಿಂಗಳಾದ ಮೇಲೆ ಪಕ್ಕದ ಬೀದಿಗೆ ಒಂದು ಸಂಸಾರ ಬಂತು, ಮೋಸುಲ್‌ನವರೇ, ಕೊನೇವರೆಗೂ ಒಳಗಿದ್ದೋರು. ಸಬ್ರಿಯಾ ಉರೂಕ್ ಸುಟ್ಟು ತಗೊಂಡು ಹೋದ್ಲು, ದನ್ನೂನೂ ಹೋದ. ಆ ಮನೆ ಮುದುಕಿ ರೊಟ್ಟಿ ಕೈಲಿ ಹಿಡ್ಕೊಂಡು ನೋಡ್ತಾ, "ತಂದೂರಿಂದ ತೆಗೆದಿದ್ದು ತಿಂದು ಎಷ್ಟು ದಿನ ಆಯ್ತೋ ಕಂದಾ," ಅಂದ್ಲು. "ಹೊಗೆ ಎದ್ದ ಕಡೆ ಗುಂಡು ಬೀಳ್ತಿತ್ತು. ಯಾರೂ ತಂದೂರ್ ಹಚ್ಚಲಿಲ್ಲ. ಕಾಡುಸೊಪ್ಪು ಕಲಸಿ, ನೆಲಮಾಳಿಗೇಲೇ ಸಣ್ಣ ಉರಿಗೆ ತಗಡಿಟ್ಟು ಒಂದು ತೊಟ್ಟು ಎಣ್ಣೆ ಬಿಟ್ಟು ಕರೀತಿದ್ವಿ. ಮಕ್ಕಳು ಕೇಳೋವು, ಇದೇನಜ್ಜಿ ಅಂತ. ಉರೂಕ್ ಅಂತಿದ್ವಿ. ಇನ್ನೇನು ಹೇಳೋದು."

ದನ್ನೂನ್ ಲೋಟ ಕೆಳಗಿಟ್ಟ. ಮನೇಗೆ ಹೆಂಗೆ ಬಂದ ಅಂತ ಅವನಿಗೇ ಗೊತ್ತಿಲ್ಲ.

ಮೇಷ್ಟ್ರಿಗೆ ಫೋನ್ ಮಾಡಿದ. "ಆ ಹೆಂಗಸನ್ನ ವಾಪಸ್ ಕರೀರಿ ಮೇಷ್ಟ್ರೇ."

"ಎಲ್ಲಿಂದ ಕರೀಲಿ, ಅಬು ಘಾನಿಮ್? ಅವಳ ಖಾತೇನೇ ಇಲ್ಲ ಈಗ. ಹೆಸರಾದ್ರೂ ಗೊತ್ತಾ?"

"ನದಿ ದಂಡೆಯೋಳು."

"ನದಿ ದಂಡೇಲಿ ಅರ್ಧ ಊರೇ ಇತ್ತಲ್ಲಪ್ಪ."

ಗುಂಪಲ್ಲಿ ಕ್ಷಮೆ ಕೇಳಿ ಬರೆದ, ಎಲ್ಲರ ಮುಂದೆ, ತಪ್ಪು ನಂದೇ ಅಂತ. ಕೆಲವರು ಅಳೋ ಮುಖ ಹಾಕಿದ್ರು. ಒಬ್ಬ, ದನ್ನೂನ್ ಯಾವತ್ತೂ ಕ್ಷಮೆ ಕೇಳೋನಲ್ಲ, ಅವನ ಫೋನ್ ಯಾರೋ ಕದ್ದವ್ರೆ, ಹುಷಾರು ಅಂದ. ಎಲ್ಲರೂ ಮತ್ತೆ ನಕ್ಕರು.

ಮೊದಲು ಸುಳ್ಳು ಹೆಸರು ಕಂಡ್ರೆ ಆಗ್ತಿರಲಿಲ್ಲ ಅವನಿಗೆ. ಈಗ ಸುಳ್ಳು ಹೆಸರೋರನ್ನೇ ಹುಡುಕ್ತಾನೆ. ಬೇರೆ ಹೆಸರಲ್ಲಿ ಬಂದಿರಬಹುದು ಅಂತ, ಹೊಸ ಹೆಂಗಸರಿಗೆಲ್ಲ ಬರೀತಾನೆ: "ತಾಯೀ, ನೀವು ನೆಲಮಾಳಿಗೇಲಿದ್ದೋರಾ? ನಾನು ಇದ್ರೀಸ್‌ನ ಅಣ್ಣ." ಗೊತ್ತಿಲ್ಲದ ಗಂಡಸು ಹಂಗೆ ಬರೆದ್ರೆ ಯಾರು ಸುಮ್ಮನಿರ್ತಾರೆ? ದೂರು ಕೊಟ್ರು. ಮೇಷ್ಟ್ರು ಎರಡು ಸಲ ಎಚ್ಚರಿಸಿದ್ರು, ಮೂರನೇ ಸಲ ಅವನನ್ನೇ ತೆಗೆದ್ರು.

"ಬಿಟ್ಟುಬಿಡಿ ಅಬು ಘಾನಿಮ್," ಅಂದ್ಲು ಸಬ್ರಿಯಾ. "ಅಲ್ಲಾಗೆ ಗೊತ್ತಿದೆ ಅವನೆಲ್ಲಿದ್ದಾನೆ ಅಂತ."

"ಅವಳಿಗೂ ಗೊತ್ತಿತ್ತು," ಅಂದ ದನ್ನೂನ್.

ಈಗ ಬೇರೆ ಬೇರೆ ಗುಂಪಿಗೆ ಸೇರ್ತಾನೆ. ಬಾಗ್ದಾದಿನೋರದ್ದು, ಅಡುಗೆಯೋರದ್ದು, ಊರು ಬಿಟ್ಟು ಜರ್ಮನಿಗೆ ಹೋದೋರದ್ದು. ಎಲ್ಲಾ ಕಡೆ ಅದೇ ಎರಡು ಸಾಲು ಬರೀತಾನೆ, ಎರಡು ದಿನ ಕಾಯ್ತಾನೆ. ಯಾರೂ ಉತ್ತರ ಕೊಡಲ್ಲ. ಮತ್ತೊಂದು ಗುಂಪಿಗೆ ಹೋಗ್ತಾನೆ.